ಸಡಿಲು ಅಂಗಿಗೂ ಭುಜ ಇರುತ್ತದೆ

ಬಿಗಿಯಾದ ಅಂಗಿ ಮಾರುವುದು ಸುಲಭ. ಅದು ತಪ್ಪಿದ್ದರೆ ಗಿರಾಕಿಯ ಮೈಯೇ ಕೂಡಲೇ ಹೇಳಿಬಿಡುತ್ತದೆ. ಕಂಕುಳಲ್ಲಿ ಹಿಡಿಯುತ್ತದೆ, ಗುಂಡಿ ಹತ್ತುವುದಿಲ್ಲ, ಉಸಿರು ಕಟ್ಟುತ್ತದೆ. ಸಡಿಲು ಅಂಗಿ ಹಾಗಲ್ಲ. ಅಂಗಡಿಯಲ್ಲಿ ತೊಟ್ಟಾಗ ತೆಪ್ಪಗಿರುತ್ತದೆ. ಮನೆಗೆ ಹೋದ ಮೇಲೆ, ನಾಲ್ಕು ಜನರ ನಡುವೆ ಕೈ ಎತ್ತಿದಾಗ, ಕೂತಾಗ, ಬಗ್ಗಿದಾಗ ತನ್ನ ಗುಣ ತೋರಿಸುತ್ತದೆ. ಆಗ ಬೈಗುಳ ಬೀಳುವುದು ಮಾರಿದವನಿಗೆ. ನಾನು ಹುಬ್ಬಳ್ಳಿಯ ದುರ್ಗದಬೈಲಿನ ಒಂದು ತಯಾರು ಬಟ್ಟೆಯ ಅಂಗಡಿಯಲ್ಲಿ ಹರೆಯದಿಂದ ತಲೆ ನೆರೆಯುವ ತನಕ ಜುಬ್ಬಾ, ಪಾಯಿಜಾಮಾ ಮಾರಿದವನು. ಇಷ್ಟು ಕಾಲ ಮಾರಿದವನಿಗೆ ಎಲ್ಲವೂ ಗೊತ್ತಿರಬೇಕೆಂದುಕೊಂಡು, ಈಗ ಈ ಕೆಲಸಕ್ಕೆ ಸೇರುವ ತರುಣರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನನಗೆ ಗೊತ್ತಿರುವುದು ನಾನು ತಪ್ಪು ಮಾಡಿ ಕಲಿತದ್ದು ಮಾತ್ರ. ಅವನ್ನೇ ಬರೆದಿಡುತ್ತೇನೆ. ಹೊಸ ತಪ್ಪು ಮಾಡಲು ಅವರಿಗೆ ಅಷ್ಟಾದರೂ ಸಮಯ ಉಳಿಯಲಿ.

ನಾನು ಸೇರಿದ್ದು ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನಲ್ಲಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಅದರಿಂದ ಏನಾದರೂ ಆಗುತ್ತದೆಂದು ನಂಬಿದ್ದೆ. ಹತ್ತಿ ವ್ಯಾಪಾರಿಗಳ ಬಾಗಿಲು ತಿರುಗಿ ಸಾಕಾಗಿ, ಕೊನೆಗೆ ಮಲ್ಲೇಶಪ್ಪ ಸಾವಕಾರರ ಮುಂದೆ ಹೋಗಿ ನಿಂತೆ. ಅಣ್ಣನ ಕೋಟು ತೊಟ್ಟಿದ್ದೆ. ಅದರ ತೋಳು ನನ್ನ ಬೆರಳುಗಳನ್ನೂ ಮುಚ್ಚಿತ್ತು. ಸಾವಕಾರರು ಹಣೆಯ ವಿಭೂತಿ ಒಮ್ಮೆ ಮುಟ್ಟಿಕೊಂಡು, ಬಟ್ಟೆಯ ವಿಷಯ ಏನಾದರೂ ತಿಳಿಯುತ್ತದೆಯೇ ಎಂದು ಕೇಳಿದರು. ತಿಳಿಯುತ್ತದೆ ಅಂದೆ. ಅವರು ನನ್ನ ಕೋಟನ್ನು ಮೇಲಿಂದ ಕೆಳಗೆ ನೋಡಿ, ಇಲ್ಲ ಎನ್ನುವುದು ಕಾಣುತ್ತಿದೆ, ನಾಳೆಯಿಂದ ಬಾ ಎಂದರು. ಏನೂ ತಿಳಿಯದವನಿಗೆ ಕಡಿಮೆ ಸಂಬಳ ಸಾಕೆನ್ನುವುದು ಅವರ ಲೆಕ್ಕಾಚಾರವಾಗಿತ್ತೆಂದು ನನಗೆ ಆಮೇಲೆ ಹೊಳೆಯಿತು.

ಸಾವಕಾರರಿಗೆ ವ್ಯಾಪಾರದಲ್ಲಿ ಒಂದೇ ಶತ್ರು, ಕನ್ನಡಿ. ಗಿರಾಕಿ ಕನ್ನಡಿ ನೋಡಿದರೆ ಅನುಮಾನ ಶುರುವಾಗುತ್ತದೆ ಎನ್ನುವುದು ಅವರ ಸಿದ್ಧಾಂತ. ಅದಕ್ಕೇ ಅಂಗಡಿಯಲ್ಲಿ ಮುಖ ಮಾತ್ರ ಕಾಣುವಷ್ಟು ಸಣ್ಣ ಕನ್ನಡಿ ತೂಗುಹಾಕಿದ್ದರು. ಜನ ಅಂಗಿ ತೊಟ್ಟು, ಆ ಕನ್ನಡಿಯಲ್ಲಿ ತಮ್ಮ ಮೀಸೆ ನೋಡಿಕೊಂಡು, ಛಲೋ ಐತಿ ಎಂದು ತೃಪ್ತರಾಗಿ ಹೋಗುತ್ತಿದ್ದರು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಹುಸೇನಸಾಬ ಚಾಚಾ ಬಟ್ಟೆ ಕತ್ತರಿಸುತ್ತಿದ್ದರು. ಮೂರೇ ಅಳತೆ: ಸಣ್ಣದು, ನಡುವಿನದು, ದೊಡ್ಡದು. ಮೂರಕ್ಕೂ ಬೆಲೆ ಒಂದೇ. ಇದೇ ಎಲ್ಲ ಅನರ್ಥಕ್ಕೆ ಮೂಲ. ಬೆಲೆ ಒಂದೇ ಎಂದ ಮೇಲೆ ಸಣ್ಣದನ್ನು ಯಾರು ಕೊಳ್ಳುತ್ತಾರೆ? ಕಡ್ಡಿಯಂತಿದ್ದವರೂ ದೊಡ್ಡದನ್ನೇ ಕೇಳುತ್ತಿದ್ದರು. ಅವರು ಕೊಳ್ಳುತ್ತಿದ್ದದ್ದು ಅಂಗಿಯನ್ನಲ್ಲ, ಬಟ್ಟೆಯನ್ನು. ನಾನೂ ಅದನ್ನೇ ಒಪ್ಪಿದ್ದೆ. ಜುಬ್ಬಾ ಎಂದರೇ ಸಡಿಲು, ಸಡಿಲಿಗೆ ಎಂಥ ಅಳತೆ ಎಂದು ಚಾಚಾ ಮುಂದೆ ಒಂದು ದಿನ ದೊಡ್ಡ ಮಾತಾಡಿದೆ. ಅವರು ಕತ್ತರಿ ನಿಲ್ಲಿಸಲಿಲ್ಲ.

“ಗೋಣಿಚೀಲಾನೂ ಸಡ್ಲ ಇರತೈತಿ, ಗುರುಸಿದ್ದಪ್ಪಾ. ಯಾರ ತೊಡ್ತಾರ ಅದನ್ನ?” ಎಂದರಷ್ಟೆ.

ನನಗೆ ಆ ಮಾತು ನಾಟಲಿಲ್ಲ. ನಾಟಿಸಿದ್ದು ನನ್ನ ಕನ್ಯೆ ನೋಡುವ ಶಾಸ್ತ್ರ.

ನವಲಗುಂದದ ಕಡೆಯ ಒಂದು ಮನೆಗೆ ಹೆಣ್ಣು ನೋಡಲು ಹೊರಟಿದ್ದೆವು. ಅಂಗಡಿಯವನಾದ ಮೇಲೆ ಅಂಗಡಿಯ ಮರ್ಯಾದೆ ಉಳಿಸಬೇಡವೇ? ಸಾವಕಾರರನ್ನು ಕೇಳಿ ದೊಡ್ಡ ಅಳತೆಯ ರೇಶಿಮೆ ಜುಬ್ಬಾ ತೊಟ್ಟುಕೊಂಡೆ. ಗಾಳಿಗೆ ಅದು ನನಗಿಂತ ಮೊದಲು ಹೊಸ್ತಿಲು ದಾಟಿತು. ಜಮಖಾನೆಯ ಮೇಲೆ ಕೂತಾಗ ಕೊರಳು ಒಂದು ಕಡೆ ಜಾರಿ ಒಳಗಿನ ಬನಿಯನ್ ಹೊರಗೆ ಕಂಡಿತು. ಸರಿಮಾಡಿಕೊಂಡರೆ ಇನ್ನೊಂದು ಕಡೆ ಜಾರಿತು. ಫಳಾರದ ತಾಟಿಗೆ ಕೈ ಚಾಚಿದರೆ ನನಗಿಂತ ಮೊದಲು ತೋಳು ಹೋಗಿ ಉಪ್ಪಿಟ್ಟಿನಲ್ಲಿ ಕೂತಿತು. ಹುಡುಗಿಯ ಅಜ್ಜಿಗೆ ಕಣ್ಣು ಮಂಜು. ಆಕೆ ನನ್ನ ಹತ್ತಿರ ಬಂದು, ಜುಬ್ಬಾದ ಅಂಚು ಹಿಡಿದು ತಡವಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅಂಗಿ ಭಾಳ ಛಲೋ ಐತಿ. ಹುಡುಗ ಎಲ್ಲಿ ಅದಾನ?”

ಒಳಗಿನಿಂದ ಹುಡುಗಿ ನಕ್ಕದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಸಂಬಂಧ ಕೂಡಲಿಲ್ಲ. ಹುಬ್ಬಳ್ಳಿಗೆ ಮರಳಿದವನೇ ಚಾಚಾ ಮುಂದೆ ಹೋಗಿ ಕೂತು, ನನಗೆ ಕಲಿಸಿರಿ ಎಂದೆ. ಅವರು ನನ್ನನ್ನು ನಿಲ್ಲಿಸಿ, ಭುಜದ ತುದಿಯ ಎಲುಬಿನ ಮೇಲೆ ಬೆರಳಿಟ್ಟರು. ಸಡಿಲು ಬಟ್ಟೆ ಮೈಯನ್ನು ಎಲ್ಲಿಯೂ ಹಿಡಿಯುವುದಿಲ್ಲ, ಈ ಎಲುಬೊಂದನ್ನು ಬಿಟ್ಟು. ಭುಜದ ಹೊಲಿಗೆ ಇಲ್ಲಿ ಕೂತರೆ ಕೆಳಗೆ ಎಷ್ಟು ಅಗಲವಿದ್ದರೂ ಅದು ಉಡುಪು, ಇಲ್ಲಿ ಕೂಡದಿದ್ದರೆ ಹೊದಿಕೆ ಎಂದರು. ಕೊರಳು ಜಾರಬಾರದು. ಎರಡೂ ಕೈ ಮೇಲೆತ್ತಿಸಿ ನೋಡಬೇಕು. ಪಾಯಿಜಾಮವಾದರೆ ನಿಂತು ನೋಡಿದರೆ ಏನೂ ತಿಳಿಯದು, ಗಿರಾಕಿಯನ್ನು ಗಾದಿಯ ಮೇಲೆ ಚಕ್ಕಳಮಕ್ಕಳ ಕೂಡಿಸಿ ನೋಡಬೇಕು. ಅಂದಿನಿಂದ ನಾನು ಗಿರಾಕಿಗಳಿಗೆ ಕವಾಯತು ಮಾಡಿಸತೊಡಗಿದೆ. ಕೈ ಎತ್ತಿರಿ, ಬಗ್ಗಿರಿ, ಕೂಡಿರಿ, ಏಳಿರಿ. ಪಕ್ಕದ ಪಾತ್ರೆ ಅಂಗಡಿಯವರು ನಮ್ಮದಕ್ಕೆ ತಾಲೀಮು ಮನೆ ಎಂದು ಹೆಸರಿಟ್ಟರು.

ಕಲಿತೆ ಎಂದುಕೊಂಡ ಕೂಡಲೇ ಮುಂದಿನ ಪಾಠ ಧಾರವಾಡದಿಂದ ಬಂತು. ಅಲ್ಲಿಯ ಸಾಲೆಯೊಂದರ ಮಾಸ್ತರರು ಖಾದಿ ಜುಬ್ಬಾ ಕೊಳ್ಳಲು ಬಂದರು. ಭುಜ ನೋಡಿದೆ, ಕೈ ಎತ್ತಿಸಿದೆ, ಕೂಡಿಸಿದೆ. ಉದ್ದ ಸೊಂಟದ ಕೆಳಗೆ ಬಂದು ನಿಂತಿತ್ತು. ಹೊಲಿಸಿಟ್ಟ ಹಾಗಿದೆ ಎಂದು ನಾನೇ ಹೊಗಳಿ ಕಳಿಸಿದೆ. ಮುಂದಿನ ವಾರ ಅವರು ಮತ್ತೆ ಬಂದರು. ಬೈಯಲಿಲ್ಲ. ಅಂಗಡಿಯ ನಡುವೆ ನಿಂತು, ಹಲಗೆಯ ಮೇಲೆ ಬರೆಯುವವರಂತೆ ಬಲಗೈ ಮೇಲೆತ್ತಿದರು. ಒಮ್ಮೆ ಒಗೆದಿದ್ದ ಜುಬ್ಬಾ ಕುಗ್ಗಿ, ಕೈಯ ಜೊತೆ ಮೇಲೇರಿ, ಅವರ ಹೊಕ್ಕುಳದ ದರ್ಶನ ಎಲ್ಲರಿಗೂ ಆಯಿತು.

“ಈ ವಾರ ನನ್ನ ಹುಡುಗರು ಲೆಕ್ಕಾ ಕಲೀಲಿಲ್ಲ ನೋಡ್ರಿ. ಉಳದದ್ದೆಲ್ಲಾ ಕಲತರು,” ಎಂದರು ಬಹಳ ಸಮಾಧಾನದಿಂದ.

ಆಮೇಲೆ ಖಾದಿಯ ತಾನುಗಳ ಸುರುಳಿ ಬಿಚ್ಚಿ ನೀರಲ್ಲಿ ನೆನೆಸಿ, ಒಣಗಿಸಿ, ಕತ್ತರಿಸುವ ಪದ್ಧತಿ ನಮ್ಮಲ್ಲಿ ಬಂತು. ಸಾವಕಾರರು ಇದಕ್ಕೆ ಬಹಳ ದಿನ ಒಪ್ಪಲಿಲ್ಲ. ಕುಗ್ಗುವುದಾದರೆ ಗಿರಾಕಿಯ ಮನೆಯಲ್ಲಿ ಕುಗ್ಗಲಿ, ನಮ್ಮಲ್ಲಿ ಯಾಕೆ ಕುಗ್ಗಬೇಕು ಎಂದು ಅವರ ವಾದ. ಮಾಸ್ತರರು ಪುನಃ ಬಂದು ಕೈ ಎತ್ತಿಯಾರೆಂಬ ಹೆದರಿಕೆಯಿಂದ ಕೊನೆಗೆ ಒಪ್ಪಿದರು. ಆಳೆತ್ತರದ ಕನ್ನಡಿ ಬಂದದ್ದೂ ಆ ಕಾಲಕ್ಕೇ. ಅದನ್ನು ತಂದ ದಿನ ಸಾವಕಾರರೇ ಮೊದಲು ಅದರ ಮುಂದೆ ನಿಂತು, ಬಹಳ ಹೊತ್ತು ತಮ್ಮ ಹೊಟ್ಟೆಯನ್ನು ನೋಡಿದರು.

ಹೆಂಗಸರ ಕುಪ್ಪಸ ಮಾರುವ ಕಷ್ಟ ಬೇರೆಯದು. ಆಗ ಹೆಂಗಸರು ಅಂಗಡಿಗೆ ಬರುವುದು ಅಪರೂಪ, ಗಂಡಂದಿರು ಬರುತ್ತಿದ್ದರು. ಅಳತೆ ಕೇಳಿದರೆ ಗಾಳಿಯಲ್ಲಿ ಎರಡು ಕೈ ಅಗಲ ಮಾಡಿ ತೋರಿಸಿ, ಯಾರಾದರೂ ನೋಡಿದರೇನೋ ಎಂದು ಗಾಬರಿಯಿಂದ ಕೆಳಗಿಳಿಸುತ್ತಿದ್ದರು. ಒಬ್ಬರಂತೂ ನನ್ನನ್ನು ದಿಟ್ಟಿಸಿ ನೋಡಿ, ನಿಮ್ಮಷ್ಟೇ ಅದಾಳ್ರಿ ಎಂದರು. ನನಗಾಗುವ ಕುಪ್ಪಸ ಯಾವುದೆಂದು ನಾನು ಹುಡುಕುತ್ತ ನಿಂತಿದ್ದಾಗ ಸಾವಕಾರರು ಬಂದರು. ಅವರಿಗೆ ಏನೆಂದು ವಿವರಿಸಿದೆನೋ ಈಗ ನೆನಪಿಲ್ಲ.

ಹೀಗೆ ನಡೆಯುತ್ತ ನಡೆಯುತ್ತ ನಲವತ್ತರ ದಶಕ ಬಂತು. ನನ್ನ ಮದುವೆಯಾಗಿತ್ತು, ಆ ಸಲ ನಡುವಿನ ಅಳತೆಯ ಜುಬ್ಬಾ ತೊಟ್ಟು ಹೋಗಿದ್ದೆ. ಭುಜದ ವಿದ್ಯೆಯಲ್ಲಿ ನನಗೆ ಎದುರಿಲ್ಲ ಎನ್ನುವ ಅಹಂಕಾರವೂ ಬಂದಿತ್ತು. ಗಿರಾಕಿ ಹೊಸ್ತಿಲು ದಾಟುವಾಗಲೇ ಅಳತೆ ಹೇಳುತ್ತಿದ್ದೆ. ಅವರು ಬೇರೆ ಕೇಳಿದರೆ ವಾದಿಸುತ್ತಿದ್ದೆ. ವಾದದಲ್ಲಿ ಗೆಲ್ಲುತ್ತಿದ್ದೆ. ಗೆದ್ದ ಮೇಲೆ ಕೆಲವರು ಏನೂ ಕೊಳ್ಳದೆ ಹೋಗುತ್ತಿದ್ದರು.

ಸ್ವಾತಂತ್ರ್ಯ ಚಳವಳಿಯ ಕಾವು ಸ್ವಲ್ಪ ಇಳಿದಿದ್ದ ದಿನಗಳವು. ಗೋಪನಕೊಪ್ಪದ ಪಾರ್ವತೆವ್ವ ಎನ್ನುವ ಹೆಣ್ಣುಮಗಳು ಒಂದು ಮಧ್ಯಾಹ್ನ ಅಂಗಡಿಗೆ ಬಂದಳು. ಆಕೆಯ ಗಂಡ ಶಂಕ್ರಪ್ಪ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದವನು. ಗಟ್ಟಿ ಆಳು. ಬೆಳಗಿನ ಜಾವದ ಮೆರವಣಿಗೆಯಲ್ಲಿ ನಿಶಾನೆ ಹಿಡಿದು ಮುಂದೆ ನಡೆದದ್ದಕ್ಕೆ ಜೈಲು ಸೇರಿದ್ದ. ಇನ್ನೇನು ಬಿಡುಗಡೆಯಾಗುವವನಿದ್ದ. ಬಂದ ದಿನ ಸಂಜೆ ದುರ್ಗದಬೈಲಿನಲ್ಲೇ ಒಂದು ಸಭೆ ಮಾಡಿ ಅವನಿಗೆ ಹಾರ ಹಾಕಬೇಕೆಂದು ಓಣಿಯ ಹಿರಿಯರು ಗೊತ್ತುಮಾಡಿದ್ದರು. ಅದಕ್ಕೆ ಹೊಸ ಖಾದಿ ಜುಬ್ಬಾ, ಪಾಯಿಜಾಮಾ ಬೇಕಾಗಿತ್ತು. ಪಾರ್ವತೆವ್ವ ಅವನ ಹಳೆಯ ಜುಬ್ಬಾವೊಂದನ್ನು ಮಡಚಿ ತಂದಿದ್ದಳು. ಅದನ್ನು ನನ್ನ ಮುಂದೆ ಹರಡಿ, ಇದಕ್ಕಿಂತ ಒಂದು ಅಳತೆ ಸಣ್ಣದನ್ನು ಕೊಡಿರೆಂದಳು.

ನಾನು ಹಳೆಯ ಜುಬ್ಬಾದ ಭುಜ ಅಳೆದೆ. ಇದು ದೊಡ್ಡ ಅಳತೆ, ಸಣ್ಣದು ಕೂಡುವುದಿಲ್ಲ ಎಂದೆ.

“ಒಳಗ ಹೋದಾವ್ರು ಹೋದಂಗ ಹೊರಗ ಬರ್ತಾರೇನ್ರಿ, ಅಣ್ಣಾರ? ಸೊರಗಿರ್ತಾರ,” ಎಂದಳು.

ಅಷ್ಟು ಸಾಕಾಯಿತು ನನಗೆ. ಮನುಷ್ಯ ಸೊರಗುವುದು ಹೊಟ್ಟೆಯಲ್ಲಿ, ಕೆನ್ನೆಯಲ್ಲಿ. ಭುಜದ ಎಲುಬು ಎಲ್ಲಿಗೂ ಹೋಗುವುದಿಲ್ಲ. ಸಡಿಲು ಅಂಗಿಯ ಗುಣವೇ ಅದು, ಸೊರಗಿದ್ದನ್ನೂ ಮುಚ್ಚುತ್ತದೆ ಎಂದು ದೊಡ್ಡ ಉಪನ್ಯಾಸ ಮಾಡಿದೆ. ಹುಸೇನಸಾಬ ಚಾಚಾ ಒಳಗಿನಿಂದ ಬಂದು, ಎರಡೂ ಒಯ್ಯಲಿ, ಕೂಡಿದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಮರಳಿಸಲಿ ಎಂದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ನನ್ನ ವಿದ್ಯೆಗೆ ಬೆಲೆ ಏನು ಉಳಿಯಿತು? ಪಾರ್ವತೆವ್ವ ದೊಡ್ಡದನ್ನೇ ತೆಗೆದುಕೊಂಡು ಹೋದಳು. ಹೋಗುವಾಗ ಆಕೆಯ ಮುಖದಲ್ಲಿ ಒಪ್ಪಿಗೆ ಇರಲಿಲ್ಲ, ದಣಿವಿತ್ತು.

ಶಂಕ್ರಪ್ಪ ಬಂದ ದಿನ ಮಧ್ಯಾಹ್ನ ನಾನು ಗೋಪನಕೊಪ್ಪಕ್ಕೆ ಹೋದೆ. ದೇಶಭಕ್ತಿಯಿಂದ ಹೋದೆ ಎಂದು ಹೇಳಿಕೊಂಡು ತಿರುಗಬಹುದಿತ್ತು. ನಿಜವೆಂದರೆ, ಸಂಜೆಯ ಸಭೆಯಲ್ಲಿ ನೂರಾರು ಜನ ನೋಡುವ ಜುಬ್ಬಾ ಸರಿಯಾಗಿ ಕೂತಿದೆಯೇ ಎಂದು ನೋಡಲು ಹೋಗಿದ್ದೆ. ಕೂತಿದ್ದರೆ ಅದು ಯಾರು ಕೊಟ್ಟದ್ದು ಎಂದು ನಾಲ್ಕು ಜನರಿಗೆ ಹೇಳುವ ಆಸೆಯೂ ಇತ್ತು.

ಅವರ ಮನೆಯ ಕಟ್ಟೆಯ ಮೇಲೆ ಕೂತ ಜನರ ದನಿ ತಗ್ಗಿತ್ತು. ಸೊರಗಿದ ಮನುಷ್ಯನನ್ನು ನೋಡಿ ಕಣ್ಣೊರೆಸಿಕೊಳ್ಳಲು ಬಂದವರಿಗೆ ದುಂಡುಮುಖದ ಶಂಕ್ರಪ್ಪ ಎದುರಾಗಿದ್ದ. ಜೈಲಿನ ಕೂಳು ಮೈಗೆ ಹತ್ತಿದೆ ಎಂದು ಒಬ್ಬ ನಕ್ಕ. ಇನ್ನೊಬ್ಬ ನಗಲಿಲ್ಲ. ಸರಕಾರಕ್ಕೆ ಮಾಫಿ ಬರೆದುಕೊಟ್ಟವರಿಗೆ ಒಳಗೆ ಹಾಲು ತುಪ್ಪ ಸಿಗುತ್ತದಂತೆ ಎಂದ. ಆ ಮಾತು ಒಳಗೂ ಕೇಳಿಸುವಂತಿತ್ತು.

ಒಳಗೆ ಶಂಕ್ರಪ್ಪ ಕಂಬಳಿಯ ಮೇಲೆ ಕೂತಿದ್ದ. ಕೆನ್ನೆ ತುಂಬಿದ್ದವು, ಕಣ್ಣು ಸಣ್ಣಗಾಗಿದ್ದವು. ಹೊಸ ಜುಬ್ಬಾ ತೊಟ್ಟಿದ್ದ, ಹೊಟ್ಟೆಯ ಮೇಲೆ ಅದು ಬಿಗಿದು ನಿಂತಿತ್ತು. ಪಾಯಿಜಾಮದೊಳಗೆ ಒಂದು ಕಾಲು ತೂರಿಸಿ, ಇನ್ನೊಂದು ಪಾದದ ಮೇಲಿನ ಹರಡಿನ ಹತ್ತಿರ ಸಿಕ್ಕಿಕೊಂಡು, ಮೇಲೆ ಪಂಜೆ ಸುತ್ತಿಕೊಂಡು ಹಾಗೆಯೇ ಕೂತುಬಿಟ್ಟಿದ್ದ. ಪಾರ್ವತೆವ್ವ ಗೋಡೆಗೆ ಒರಗಿ ನಿಂತಿದ್ದಳು.

“ನಾ ಸಭಾಕ್ಕ ಬರೂದಿಲ್ಲ. ಇಂಥಾ ಮೈ ಹೊತಗೊಂಡು ಮಂದಿ ಮುಂದ ಹೆಂಗ ನಿಂದರ್ಲಿ?” ಎಂದ ಶಂಕ್ರಪ್ಪ. ನಿಶಾನೆ ಹಿಡಿದು ಲಾಠಿಯ ಮುಂದೆ ನಡೆದವನ ದನಿ ಅದಾಗಿರಲಿಲ್ಲ.

ಪಾರ್ವತೆವ್ವ ನನ್ನ ಕಡೆ ತಿರುಗಿ, ದೊಡ್ಡದು ಅಂತ ಕೊಟ್ಟ ಅಂಗಿಯೂ ಸಾಲಲಿಲ್ಲವಲ್ಲ ಎಂದಳು. ಆಕೆ ದೂರಿದ್ದಲ್ಲ, ಕಂಡದ್ದನ್ನು ಹೇಳಿದಳು. ಆದರೆ ನನಗೆ ಅದು ಅಂಗಡಿಯ ಮೇಲೆ, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ಬಂದ ಅಪವಾದದಂತೆ ಕೇಳಿಸಿತು. ಎದುರಿಗಿನ ಮನುಷ್ಯ ಅವಮಾನದಿಂದ ಕುಸಿದು ಕೂತಿದ್ದಾನೆ, ಹೊರಗೆ ಊರು ಅವನ ಮಾನ ತೂಗುತ್ತಿದೆ, ಅದಾವುದೂ ನನಗೆ ಕಾಣಲಿಲ್ಲ. ಕಂಡದ್ದು ಜುಬ್ಬಾ ಒಂದೇ. ಅವನನ್ನು ಎಬ್ಬಿಸಿ ನಿಲ್ಲಿಸಿದೆ. ಭುಜದ ಹೊಲಿಗೆ ಎಲುಬು ದಾಟಿ ತೋಳಿನ ಮೇಲೆ ಜೋತು ಬಿದ್ದಿತ್ತು. ನನಗೆ ಬೇಕಾದದ್ದು ಸಿಕ್ಕಿತು. ವಕೀಲನಂತೆ ದನಿ ಏರಿಸಿದೆ.

“ನೋಡ್ರಿ ಇಲ್ಲೆ. ಹೊಟ್ಟಿ ಬಿಗದೈತಿ, ಕಾಲು ಬಿಗದೈತಿ, ಭುಜ ಮಾತ್ರ ಇಳದೈತಿ. ದಪ್ಪಾದ ಮನಷ್ಯಾಂದು ಭುಜ ಹೆಂಗ ಕರಗತೈತಿ? ಹರಡಿನ್ಯಾಗ ಯಾರಿಗರೆ ಕೊಬ್ಬು ಬರತೈತೇನು? ಅಂಗಿ ಬರೋಬರಿ ಐತ್ರಿ. ಮೈಯಾಗ ತಪ್ಪೈತಿ.”

ಹೇಳಿ ಮುಗಿಸಿ, ಗೆದ್ದೆ ಎಂದು ನಿಂತೆ. ಪಾರ್ವತೆವ್ವ ನನ್ನನ್ನೇ ನೋಡುತ್ತಿದ್ದಳು, ಆದರೆ ಆಕೆಯ ನೋಟ ನನ್ನನ್ನು ದಾಟಿ ಹೋಗಿತ್ತು. ಅವಳು ಕೆಳಗೆ ಕೂತು, ಗಂಡನ ಕಾಲಿನ ಹರಡಿನ ಮೇಲ್ಗಡೆ ಹೆಬ್ಬೆರಳು ಒತ್ತಿ ಹಿಡಿದು ತೆಗೆದಳು. ನಾದಿದ ಹಿಟ್ಟಿನಲ್ಲಿ ಬೆರಳೊತ್ತಿದ ಹಾಗೆ ಅಲ್ಲೊಂದು ಕುಳಿ ಬಿತ್ತು. ನಾವು ನೋಡುತ್ತಲೇ ಇದ್ದೆವು, ಅದು ತುಂಬಿಕೊಳ್ಳಲಿಲ್ಲ.

“ಇದು ಕೊಬ್ಬಲ್ಲ,” ಎಂದಳು ಮೆಲ್ಲಗೆ. “ಬಾವು. ನಮ್ಮವ್ವಗೂ ಹಿಂಗ ಆಗಿತ್ತು. ಉಸರಾಡಾಕ ತ್ರಾಸ ಆಗಾಕತ್ತೈತೇನು?”

ಶಂಕ್ರಪ್ಪ ಮುಖ ಆ ಕಡೆ ತಿರುಗಿಸಿದ. ಬಹಳ ದಿನಗಳಿಂದ ಮಲಗಲು ಆಗುತ್ತಿಲ್ಲ, ಕೂತೇ ರಾತ್ರಿ ಕಳೆಯುತ್ತೇನೆ, ಸ್ಟೇಶನ್ನಿನ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂತು ಎಂದು ಒಂದೊಂದಾಗಿ ಹೇಳಿದ. ಒಳಗೆ ಇನ್ನೂ ಕಷ್ಟಪಟ್ಟವರಿದ್ದರು, ನಾನು ನರಳಿದರೆ ಹೇಗೆ ಎಂದು ಯಾರಿಗೂ ಹೇಳಿರಲಿಲ್ಲವಂತೆ. ಹೊರಗೆ ಕೂತವರಲ್ಲಿ ಮಾಫಿಯ ಮಾತಾಡಿದವನೇ ಓಡಿ ಹೋಗಿ ಟಾಂಗಾ ತಂದ. ನಾನು ಒಂದು ರಟ್ಟೆ ಹಿಡಿದೆ. ಆ ತೋಳಿನೊಳಗೆ, ಭುಜದ ಹತ್ತಿರ, ಎಲುಬಿನ ಹೊರತು ಏನೂ ಇರಲಿಲ್ಲ. ಅಂಗಿ ಅದನ್ನು ಮೊದಲೇ ಹೇಳಿತ್ತು. ಓದಿದವನು ನಾನೇ, ಅರ್ಥ ಮಾತ್ರ ಆಗಿರಲಿಲ್ಲ.

ಡಾಕ್ಟರರು ನೋಡಿ, ಸರಿಯಾದ ಆಹಾರವಿಲ್ಲದೆ ಮೈಯಲ್ಲಿ ನೀರು ನಿಂತಿದೆ, ಗುಂಡಿಗೆ ಸೋಲುತ್ತಿದೆ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು. ಅವನನ್ನು ದವಾಖಾನೆಯಲ್ಲೇ ಇಟ್ಟುಕೊಂಡರು. ಸಂಜೆಯ ಸಭೆ ಅವನಿಲ್ಲದೆಯೇ ನಡೆಯಿತು. ಅವನ ಸ್ಥಿತಿ ಏನೆಂದು ಹಿರಿಯರೊಬ್ಬರು ಎದ್ದು ಹೇಳಿದರು. ಹಾರವನ್ನು ಖುರ್ಚಿಯ ಮೇಲಿಟ್ಟು ಜನ ಕೈಮುಗಿದರು. ಮರುದಿನದಿಂದ ದವಾಖಾನೆಗೆ ಹಾಲು, ಹಣ್ಣು ತರುವವರನ್ನು ತಡೆಯುವುದೇ ಪಾರ್ವತೆವ್ವನ ಕೆಲಸವಾಯಿತು.

ಇದರ ನಂತರ ನನಗೆ ಬಂದ ಗತಿಯನ್ನೂ ಹೇಳಬೇಕು. ದುರ್ಗದಬೈಲಿನ ಗುರುಸಿದ್ದಪ್ಪ ಅಂಗಿ ನೋಡಿ ರೋಗ ಹೇಳುತ್ತಾನೆ ಎಂದು ಸುದ್ದಿ ಹಬ್ಬಿತು. ಹೊಟ್ಟೆನೋವಿನವರು, ಸೊಂಟ ಹಿಡಿದವರು ಬಂದು ಜುಬ್ಬಾ ತೊಟ್ಟು ನನ್ನ ಮುಂದೆ ನಿಂತು, ಏನು ಕಾಣುತ್ತದೆ ಎಂದು ಕೇಳತೊಡಗಿದರು. ಹೊಲಿಗೆ ಕಾಣುತ್ತದೆ ಎಂದರೆ ನಂಬುತ್ತಿರಲಿಲ್ಲ. ಸಾವಕಾರರಿಗೆ ಖುಷಿಯೋ ಖುಷಿ, ಬಂದವರಲ್ಲಿ ಅರ್ಧ ಜನ ಕೊಂಡು ಹೋಗುತ್ತಿದ್ದರು. ಅವರು ನನ್ನನ್ನು ವೈದ್ಯರೆ ಎಂದೇ ಕರೆಯತೊಡಗಿದರು. ಹುಸೇನಸಾಬ ಚಾಚಾ ಒಬ್ಬರಿಗೆ ಮಾತ್ರ ಅಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಂಗಿಯ ಪರವಾಗಿ ವಾದಿಸಲು ಹೋಗಿ ಹಾಗಾಯಿತು, ನನಗೇನೂ ತಿಳಿದಿರಲಿಲ್ಲ ಎಂದೆ. ಅವರು ಸೂಜಿಗೆ ದಾರ ಪೋಣಿಸುತ್ತ ನಕ್ಕರು.

“ನೀ ಹೇಳಿದ್ದು ಖರೇನ ಇತ್ತಲ್ಲೋ. ಕೇಳೋರು ಶಾಣ್ಯಾ ಇದ್ರು, ಅಷ್ಟ,” ಎಂದರು.

ಕೆಲವು ತಿಂಗಳ ಮೇಲೆ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಬಾವು ಇಳಿದಿತ್ತು. ಅದು ಇಳಿದ ಮೇಲೆ ಶಂಕ್ರಪ್ಪನಲ್ಲಿ ಉಳಿದಿದ್ದು ಎಷ್ಟೆಂದು ಎಲ್ಲರಿಗೂ ಕಾಣುತ್ತಿತ್ತು. ಜಿನ್ನಿನಲ್ಲಿ ಮತ್ತೆ ಕೆಲಸಕ್ಕೆ ಕರೆದಿದ್ದಾರೆ, ತೊಟ್ಟುಕೊಂಡು ಹೋಗಲು ಒಂದು ಜುಬ್ಬಾ ಬೇಕು ಎಂದ. ನಾನು ಕೇಳದೆಯೇ ಸಣ್ಣ ಅಳತೆಯದನ್ನು ತೆಗೆದು ತೊಡಿಸಿದೆ. ಭುಜ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕೂತಿತು. ಕೈ ಎತ್ತಿಸಿದೆ, ಎತ್ತಿದ. ಗಾದಿಯ ಮೇಲೆ ಕೂಡಿಸಿದೆ, ಕೂತ. ನನ್ನ ಇಡೀ ಚಾಕರಿಯಲ್ಲಿ ಅಷ್ಟು ಚೆನ್ನಾಗಿ ಕೂತ ಅಂಗಿ ಮತ್ತೊಂದಿರಲಿಲ್ಲ. ಆಳೆತ್ತರದ ಕನ್ನಡಿಯ ಮುಂದೆ ಅವನು ಬಹಳ ಹೊತ್ತು ನಿಂತ.

“ಅಣ್ಣಾರ, ದೊಡ್ಡದ ಕೊಡ್ರಿ,” ಎಂದ. “ಇನ್ನಾ ತುಂಬಕೋಬೇಕು ನಾ.”

ನನ್ನ ಬಾಯಲ್ಲಿ ಭುಜದ ಉಪನ್ಯಾಸ ಸಿದ್ಧವಿತ್ತು. ಆದರೂ ಒಳಗೆ ಹೋಗಿ ದೊಡ್ಡದನ್ನು ತಂದುಕೊಟ್ಟೆ. ತೊಟ್ಟ. ಭುಜದ ಹೊಲಿಗೆ ತೋಳಿನ ನಡುವಿಗೆ ಇಳಿಯಿತು, ತೋಳಿನ ತುದಿಯೊಳಗೆ ಬೆರಳು ಮುಚ್ಚಿಹೋದವು. ಪಾರ್ವತೆವ್ವ ಹತ್ತಿರ ಬಂದು, ಅವನ ತೋಳನ್ನು ಮುಂಗೈತನಕ ನೀಟಾಗಿ ಮಡಚಿದಳು. ಮಡಿಕೆ ಬಿಚ್ಚುವ ದಿನ ಬಂದರೆ ಸುಲಭವಾಗಿ ಬಿಚ್ಚಲು ಬರುವ ಹಾಗೆ, ಹೊಲಿಗೆಯ ಟಾಕು ಹಾಕದೆ.